ಬಿಸಿ ತಾಗದ ಮನುಷ್ಯ

“ಆರು ಕಾಲಿನ ರಾಕ್ಷಸ ಬಂದ ಕಂತೇ ಜಾಸ್ತಿ ಭಯ!” ಎಂದ ನಾಗರಾಜು. “ಅದು ಉಸಿರು ಬಿಟ್ಟಾಗ ರೇಡಿಯೊನೇ ನಡುಗಿತು, ಗೊತ್ತುಂಟಾ?”

“ನಿನ್ನ ತಲೆ! ರಾಕ್ಷಸ ಬಂದ್ರೆ ಓಡ್ಬಹುದು,” ಎಂದಳು ಚಿನ್ನಿ. “ಏಳನೇ ಕಂತೇ ಭಯ. ಅದ್ರಲ್ಲಿ ಓಡೋದು ಎಲ್ಲಿಗೆ ಮಾರಾಯ? ಅವನು ಮನೆ ಒಳಗೇ ಇದ್ದಾನಲ್ಲ!”

ಯಮುನ ಮಾತ್ರ ತುಟಿ ಬಿಚ್ಚಲಿಲ್ಲ. ನಾಗರಾಜು ಅವಳ ಜಡೆ ಎಳೆದ. ಅವಳು ತಲೆ ಕೊಡವಿ ಬಿಡಿಸಿಕೊಂಡಳು.

ಗಾಳಿಬೀಡಿನಲ್ಲಿ ಆಗ ರೇಡಿಯೊ ಇದ್ದ ಮನೆಗಳು ಎರಡೋ ಮೂರೋ. ಅದರಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಟ್ಟಪ್ಪನವರ ಮನೆ ಒಂದು. ನಾಗರಾಜು ಅವರ ಮಗ. ಭಾನುವಾರ ಮಧ್ಯಾಹ್ನ ‘ಶುಕ್ರಲೋಕದ ನೌಕೆ’ ನಾಟಕ ಶುರುವಾಯಿತೆಂದರೆ ಮಕ್ಕಳೆಲ್ಲ ಅವರ ಜಗಲಿಯಲ್ಲಿ ಹಾಜರ್. ಕೇಳುವಾಗ ಕಿವಿ ಮುಚ್ಚಿಕೊಳ್ಳುವುದು, ಮುಗಿದ ಮೇಲೆ ಇನ್ನೊಂದು ವಾರ ಕಾಯಬೇಕಲ್ಲ ಎಂದು ಗೋಳಾಡುವುದು.

ಏಳನೇ ಕಂತಿನಲ್ಲಿ ರಾಕ್ಷಸನೂ ಇಲ್ಲ, ಕಿರುಚಾಟವೂ ಇಲ್ಲ. ಶುಕ್ರಲೋಕಕ್ಕೆ ಹೋಗಿದ್ದ ಒಬ್ಬಾತ ಮನೆಗೆ ಮರಳುತ್ತಾನೆ. ಅದೇ ಮುಖ, ಅದೇ ದನಿ. ಒಲೆಯ ಮೇಲೆ ಕುದಿಯುತ್ತಿದ್ದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಹಿಡಿದು ನಿಲ್ಲುತ್ತಾನೆ. “ಅಪ್ಪಾ, ಕೈ ಸುಡಲ್ವಾ?” ಎಂದು ಮಗು ಕೇಳುತ್ತದೆ. ಅವನು ಉತ್ತರ ಕೊಡುವುದಿಲ್ಲ. ಕಂತು ಅಲ್ಲಿಗೆ ಮುಗಿಯುತ್ತದೆ.

“ಯಾಕೆ ಬಾಯಿಗೆ ಬೀಗ ಹಾಕಿದ್ದಿ?” ಎಂದು ಚಿನ್ನಿ ತಿವಿದಳು.

ಯಮುನ ಚಿನ್ನಿಯ ಹತ್ತಿರ ಸರಿದಳು. “ನಮ್ಮ ಅಪ್ಪನೂ ಹಂಗೇ ಮಾಡ್ದ. ಇವತ್ತು ಬೆಳಿಗ್ಗೆ.”

ಅವಳ ಅಪ್ಪ ಪೂವಯ್ಯ ಮಿಲಿಟರಿಯಲ್ಲಿದ್ದವನು. ಹೋದ ವರ್ಷ ಚೀನಾ ಯುದ್ಧಕ್ಕೆ ಹೋಗಿ, ಆರು ತಿಂಗಳು ಎಲ್ಲೋ ಆಸ್ಪತ್ರೆಯಲ್ಲಿದ್ದು, ಮೇ ತಿಂಗಳಲ್ಲಿ ಮನೆಗೆ ಬಂದಿದ್ದ. ಬಂದಾಗಿನಿಂದ ಅವನು ಅವಳ ಜಡೆ ಹೆಣೆದುಕೊಟ್ಟಿಲ್ಲ. ಮೊದಲು ರಜೆಗೆ ಬಂದಾಗ ಅದು ಅವನದೇ ಕೆಲಸವಾಗಿತ್ತು. ಅಂಗಿಯ ಗುಂಡಿಯನ್ನೂ ಅವ್ವನೇ ಹಾಕಬೇಕು. ಇವತ್ತು ಒಲೆಯ ಮೇಲಿದ್ದ ಕಾಫಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ, ಹಿಡಿದೇ ನಿಂತಿದ್ದ. ಅವ್ವ ಓಡಿ ಬಂದು ಪಾತ್ರೆ ಕಿತ್ತುಕೊಂಡಳು. “ನೀ ಹೊರಗೆ ಹೋಗು,” ಎಂದು ಯಮುನಳನ್ನು ಗದರಿದಳು.

ನಾಗರಾಜುವಿನ ಕಣ್ಣು ಅಗಲವಾಯಿತು. “ಬಂದದ್ದು ನಿನ್ನ ಅಪ್ಪನಾ, ಶುಕ್ರಲೋಕದವನಾ ಅಂತ ಪರೀಕ್ಷೆ ಮಾಡ್ಬೇಕು. ನಿಜವಾದ ಅಪ್ಪಂಗೆ ಮಾತ್ರ ಬರೋ ಕೆಲ್ಸ ಮಾಡಿಸ್ಬೇಕು. ಬರ್ದಿದ್ರೆ...”

ಹೆದರಿದವರ ಮೇಲೆ ಹಾವೆಸೆಯುವುದೆಂದರೆ ಇದೇ. ಯಮುನಳಿಗೆ ಅಂದು ಊಟವೂ ಸೇರಲಿಲ್ಲ. ಅಪ್ಪ ಎದುರಿಗೆ ಬಂದರೆ ಕಂಬದ ಹಿಂದೆ ಸರಿಯುತ್ತಿದ್ದಳು. ಹಾಗೆ ಸರಿಯುವಾಗ ಅವಳಿಗೇ ಅಳು ಬರುತ್ತಿತ್ತು. ಅಪ್ಪ ನಿಜವಾದ ಅಪ್ಪನೇ ಆಗಿರಲಿ, ಅವಳಿಗೆ ಬೇಕಾದದ್ದು ಅಷ್ಟೇ.

ಎರಡು ದಿನ ಕಳೆದು ಕೈಲ್ ಮುಹೂರ್ತ ಬಂತು. ನಾಟಿ ಮುಗಿದ ಮೇಲೆ ನೇಗಿಲು, ಕತ್ತಿ, ಕೋವಿಗಳಿಗೆ ಪೂಜೆ ಮಾಡುವ ಹಬ್ಬ. ಬೆಳಿಗ್ಗೆ ಕೋವಿಗೆ ಹೂ ಮುಡಿಸಿ ಕೈಮುಗಿಯುತ್ತಾರೆ. ಮಧ್ಯಾಹ್ನ ಊರಿನ ಗಂಡಸರೆಲ್ಲ ಮೈದಾನದಲ್ಲಿ ಸೇರಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಯುದ್ಧಕ್ಕೆ ಮೊದಲು ರಜೆಗೆ ಬಂದಾಗಲೆಲ್ಲ ಅಪ್ಪನ ಮೊದಲ ಈಡಿಗೇ ಕಾಯಿ ಒಡೆಯುತ್ತಿತ್ತು.

ಹೆಸರು ಬರೆದುಕೊಳ್ಳುತ್ತಿದ್ದವನು ದೊಡ್ಡಪ್ಪ ಬೆಳ್ಯಪ್ಪ. ಯಮುನ ಅವನ ಬಳಿ ಹೋಗಿ, “ಅಪ್ಪನೂ ಹೊಡೀತಾನಂತೆ. ಹೆಸ್ರು ಬರೀಬೇಕಂತೆ,” ಎಂದಳು. ಅದು ಹಸಿ ಸುಳ್ಳು.

“ಹಂಗೆ ಹೇಳು ಮತ್ತೆ!” ದೊಡ್ಡಪ್ಪನಿಗೆ ಖುಷಿಯೋ ಖುಷಿ. “ಪೂವಯ್ಯಾ, ಬಾರಾ! ಮಗಳು ಹೆಸ್ರು ಕೊಟ್ಟಾಯ್ತು!”

ಜನ ಚಪ್ಪಾಳೆ ತಟ್ಟಿದರು. ಅಪ್ಪ ಬೇಡ ಎಂದು ತಲೆಯಾಡಿಸಿದ. ಯಾರೂ ಬಿಡಲಿಲ್ಲ. ಅವನು ಯಮುನಳ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ವಾಸಿ ಎನಿಸುತ್ತಿತ್ತು.

ಕೋವಿ ಹೆಗಲಿಗೇರುವ ಮೊದಲೇ ಗುಂಡು ಹಾರಿತು. ಮರದ ಎಲೆಗಳು ಉದುರಿದವು. ಕಾಯಿ ಇದ್ದಲ್ಲೇ ಇತ್ತು.

“ಚೀನಾದವರು ಹೆಂಗೆ ಗೆದ್ರು ಅಂತ ಈಗ ಗೊತ್ತಾಯ್ತು!” ಎಂದು ಹಿಂದಿನಿಂದ ಯಾರೋ ಕೂಗಿದರು. ಹತ್ತಾರು ಜನ ನಕ್ಕರು. ನಾಗರಾಜು ಯಮುನಳನ್ನು ನೋಡಿ ಹುಬ್ಬೇರಿಸಿದ.

ಎರಡನೇ ಈಡು. ಅಪ್ಪ ಕೋವಿಯನ್ನು ಹೆಗಲಿಗಿಟ್ಟು ಗುರಿ ಹಿಡಿದ. ಕೋವಿ ಚೂರೂ ಅಲುಗಲಿಲ್ಲ. ಎಷ್ಟು ಹೊತ್ತಾದರೂ ಗುಂಡು ಮಾತ್ರ ಹಾರಲಿಲ್ಲ. ಜನ ಗುಸುಗುಸು ಎನ್ನತೊಡಗಿದರು.

ಪಕ್ಕದಲ್ಲೇ ನಿಂತಿದ್ದ ಯಮುನ ಅವನ ಕೈ ನೋಡಿದಳು. ಬೆರಳು ಟ್ರಿಗರ್ ಮೇಲೆ ಇರಲೇ ಇಲ್ಲ. ಅದರ ಸುತ್ತ ಇರುವ ಕಬ್ಬಿಣದ ಬಳೆಯನ್ನು ಒತ್ತುತ್ತಿತ್ತು. ಉಗುರು ಬೆಳ್ಳಗಾಗುವಷ್ಟು ಜೋರಾಗಿ ಒತ್ತುತ್ತಿತ್ತು. ಅಪ್ಪನಿಗೆ ಅದು ಗೊತ್ತೇ ಇಲ್ಲ. ಅವನು ಸದ್ದಿಗಾಗಿ ಕಾಯುತ್ತಿದ್ದ.

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಏಳನೇ ಕಂತಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಪಾತ್ರೆ ಹಿಡಿದು ನಿಂತವನೇ ಇರಬೇಕು ಎಂದು ಯಮುನಳಿಗೆ ಅನ್ನಿಸಿತು. ಅವನಿಗೆ ಏನಾಗಿದೆ ಎಂದು ಯಾರೂ ಕೇಳಿರಲಿಲ್ಲ.

ಕೊನೆಗೆ ಅಪ್ಪ ತಲೆ ತಗ್ಗಿಸಿ ತನ್ನ ಬೆರಳನ್ನು ಕಣ್ಣಿನಿಂದ ಹುಡುಕಿದ. ಕಂಡಿತು. ಕೋವಿಯನ್ನು ಮೆಲ್ಲಗೆ ದೊಡ್ಡಪ್ಪನ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದ.

ಯಮುನ ಹಿಂದೆ ಓಡಿದಳು. “ಅಪ್ಪಾ! ಹೆಸ್ರು ಕೊಟ್ಟದ್ದು ನಾನೇ. ತಪ್ಪಾಯ್ತು.”

“ಇರ್ಲಿ ಬಿಡು ಗೂಡೆ.” ಮಗಳನ್ನು ಅವನು ಹಾಗೆಯೇ ಕರೆಯುತ್ತಿದ್ದ.

“ಕೈಗೆ ಎಂತಾಯ್ತು?”

“ಹಿಮದಲ್ಲಿ ಹನ್ನೊಂದು ದಿನ ನಡ್ದೆವು. ಗ್ಲೌಸ್ ಇರ್ಲಿಲ್ಲ. ಮೊದ್ಲು ಬೆರಳೆಲ್ಲ ಉರೀತಿತ್ತು. ಆಮೇಲೆ ಉರಿ ನಿಂತಿತು. ಒಳ್ಳೇದಾಯ್ತು ಅಂದ್ಕೊಂಡೆ.”

“ವಾಸಿ ಆಗ್ತದಾ?”

“ಒಂದು ವರ್ಷ ನೋಡುವ ಅಂದಿದ್ರು ಡಾಕ್ಟರ್. ಹತ್ತು ತಿಂಗ್ಳಾಯ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀ ಹೆದರ್ತಿ ಅಂತ.”

“ನಾನು... ನೀ ನನ್ನ ಅಪ್ಪ ಅಲ್ಲ ಅಂದ್ಕೊಂಡಿದ್ದೆ.”

ಬೈಯುತ್ತಾನೆ ಎಂದುಕೊಂಡಳು. ಅಪ್ಪ ನಿಂತ. “ನಂಗೂ ಒಮ್ಮೊಮ್ಮೆ ಹಂಗೇ ಅನ್ನಿಸ್ತದೆ,” ಎಂದು ಮತ್ತೆ ನಡೆಯತೊಡಗಿದ.

ಮೈದಾನದಲ್ಲಿ ಕಾಯಿ ಒಡೆದ ಸದ್ದು, ಜನರ ಕೇಕೆ ಕೇಳಿಸಿತು. ಇಬ್ಬರೂ ತಿರುಗಿ ನೋಡಲಿಲ್ಲ. ಯಮುನ ಅವನ ಪಕ್ಕಕ್ಕೆ ಬಂದು ಕೈ ಹಿಡಿದಳು. ಬೆರಳುಗಳು ಒರಟಾಗಿ, ತಣ್ಣಗಿದ್ದವು. ಅಪ್ಪ ಮುಂದೆ ನೋಡುತ್ತಾ ಹಾಗೆಯೇ ನಡೆಯುತ್ತಿದ್ದ. ಅವನಿಗೆ ಗೊತ್ತೇ ಆಗಲಿಲ್ಲ.

ಅವಳು ಇನ್ನೂ ಗಟ್ಟಿಯಾಗಿ ಹಿಡಿದಳು. ಆಗಲೂ ಗೊತ್ತಾಗಲಿಲ್ಲ.

“ಅಪ್ಪಾ,” ಎಂದಳು. “ನಾನು ನಿನ್ನ ಕೈ ಹಿಡ್ಕೊಂಡಿದ್ದೇನೆ.”

ಅಪ್ಪ ಕೆಳಗೆ ನೋಡಿದ. “ಹೌದಾ?” ಎಂದ. ಆಮೇಲೆ ಮನೆ ಮುಟ್ಟುವವರೆಗೂ ಆ ಕೈಯನ್ನೇ ನೋಡುತ್ತಾ ನಡೆದ.