ಹಳದಿ ಕಾರಿನ ಮೇಲಿನ ಹೆಸರು

"ಕಾಯಿರಿ, ಕಾಯಿರಿ, ಕಾಯಿರಿ! ಇದೊಂದೇ ಮಾತಾ ನಿಮಗೆ ಬರೋದು?"

ಮೇಜಿನ ಮೇಲೆ ಬಿದ್ದ ಅಂಗೈ ಏಟಿಗೆ ಖೇತಿವೆಯ ಕಪ್ಪಿನಿಂದ ಚಹಾ ತುಳುಕಿ, ಬಿಳಿ ಅಂಗಿಯ ತೋಳಿನ ಮೇಲೇ ಬಿತ್ತು. ಡರ್ಬನ್ನಿನ ಆ ಕಾರ್ ಶೋರೂಮಿನಲ್ಲಿ ಅವಳಿಗೆ ಇಂಥ ಗಿರಾಕಿಗಳು ಹೊಸಬರೇನಲ್ಲ. ಆದರೆ ಮೇಜು ಗುದ್ದಿದವನು ಇವನೇ ಮೊದಲು!

"ಆರ್ಡರ್ ಕೊಟ್ಟು ಏಳು ತಿಂಗಳಾಯ್ತು! ಜೂನ್ ಅಂದ್ರಿ, ಜುಲೈ ಅಂದ್ರಿ, ಈಗ ಆಗಸ್ಟ್!"

"ಕಾರು ಜರ್ಮನಿಯಿಂದ ಬರ್ಬೇಕು ಸಾರ್. ಹಡಗನ್ನ ನಾನೇನು ಸೊಂಟಕ್ಕೆ ಹಗ್ಗ ಕಟ್ಕೊಂಡು ಎಳೀಲಾ? ಲಿಂಡಾನಿ."

ಜುಲು ಮಾತಿನಲ್ಲಿ ಲಿಂಡಾನಿ ಎಂದರೆ 'ಕಾಯಿರಿ'. ದಿನಕ್ಕೆ ನೂರು ಸಲ ಆ ಪದ ಆಡುವುದೇ ಅವಳ ಉದ್ಯೋಗ.

ಅವನ ಕಣ್ಣು ಕೆಂಪಾಯಿತು.

"ನಮ್ಮಪ್ಪನ ಹೆಸರೇ ಅದು! ಲಿಂಡಾನಿ ಗುಮೆಡೆ. ಆ ಹೆಸರಿಟ್ಕೊಂಡ ತಪ್ಪಿಗೆ ಜೀವಮಾನವೆಲ್ಲ ಕಾದಿದ್ದಾರೆ. ಇನ್ನೂ ಎಷ್ಟು ಕಾಯ್ಬೇಕು?"

ಧಡಾರನೆ ಹೊರಟುಹೋದ. ಚಹಾ ಕೊಡುವ ಮಾಶೇಜಿ ಒರೆಸುವ ಬಟ್ಟೆ ಹಿಡಿದು ಬಂದಳು.

"ಯಾರೇ ಅದು, ಹಂಗೆ ಬಾಯಿ ಮಾಡಿದ್ದು?"

"ಮೆಂಜಿ ಗುಮೆಡೆ ಅಂತೆ, ಹಲ್ಲಿನ ಡಾಕ್ಟರ್. ಎರಡೇ ಸೀಟಿನ ಹಳದಿ ಕಾರು ಬೇಕಂತೆ. ಊರೆಲ್ಲ ಮೆರೆಯೋಕೆ! ಇವರ ಶೋಕಿಗೆ ನಾವು ಬೈಸ್ಕೋಬೇಕು!"

'ಇನ್ನೊಂದ್ಸಲ ಮೇಜು ಮುಟ್ಟಲಿ, ಅವನ ಹಲ್ಲೇ ಉದುರಿಸ್ತೀನಿ...' ಖೇತಿವೆ ಒಳಗೊಳಗೇ ಕುದಿದಳು.

ಮುಂದಿನ ಗುರುವಾರ ಅವನು ಮತ್ತೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ಬಿಸಿ ಬಿಸಿ ಬನ್ನಿ ಚೌ, ಟೊಳ್ಳು ಮಾಡಿದ ಬ್ರೆಡ್ಡಿನ ತುಂಬ ಹುರುಳಿಕಾಯಿ ಬೀಜದ ಸಾರು.

"ಅವತ್ತಿನ ಚಹಾಕ್ಕೆ," ಎಂದು ಗೊಣಗಿದ. "ಹಡಗು ಎಲ್ಲಿದೆ?"

ಅವಳು ಮುಖ ಗಂಟಿಕ್ಕಿಕೊಂಡೇ ಕಂಪ್ಯೂಟರ್ ತಿರುಗಿಸಿದಳು. ನೀಲಿ ಸಮುದ್ರದ ಮೇಲೆ ಒಂದು ಹಸಿರು ಚುಕ್ಕಿ.

"ಇಷ್ಟೇನಾ? ಇರುವೆ ಇದಕ್ಕಿಂತ ಬೇಗ ಹೋಗುತ್ತೆ!"

"ಇರುವೆ ಬೆನ್ನ ಮೇಲೆ ಎರಡು ಸಾವಿರ ಕಾರು ಹೊರಿಸಿ ನೋಡಿ ಸಾರ್!"

ಅವನು ಫಕ್ಕನೆ ನಕ್ಕ. ಥೂ, ನಕ್ಕರೆ ಚೆನ್ನಾಗಿ ಕಾಣುತ್ತಾನಲ್ಲ... ಅದಕ್ಕೂ ಅವಳಿಗೆ ಸಿಟ್ಟು ಬಂತು.

ಹೀಗೆ ಗುರುವಾರಗಳು ಕಳೆದವು. ಅವನು ರೇಗುವುದು, ಅವಳು ತಿರುಗೇಟು ಕೊಡುವುದು, ಆಮೇಲೆ ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ಹಸಿರು ಚುಕ್ಕಿ ನೋಡುವುದು. ಒಂದು ದಿನ ಚುಕ್ಕಿ ಎರಡು ಬೆರಳಗಲ ಮುಂದೆ ಬಂದಿತ್ತು. ಖೇತಿವೆಯ ಎದೆ ಧಸಕ್ಕೆಂದಿತು. 'ಕಾರು ಬಂದ್ಬಿಟ್ರೆ ಇವನು ಇಲ್ಲಿಗೆ ಯಾಕೆ ಬರ್ತಾನೆ?'

ಒಂದು ಗುರುವಾರ ಅವನ ಜೊತೆ ಟೋಪಿ ಹಾಕಿದ ಮುದುಕನೊಬ್ಬ ಬಂದ. ಪ್ರದರ್ಶನಕ್ಕಿಟ್ಟ ಕಾರಿನ ಬಳಿ ಹೋಗಿ, ಸ್ಟೀರಿಂಗನ್ನು ಎಳೆಗೂಸಿನ ತಲೆ ಸವರುವಂತೆ ಸವರಿದ.

"ಬಂದರಿನಲ್ಲಿ ಮೂವತ್ತೊಂದು ವರ್ಷ ಹೊಸ ಕಾರು ಇಳಿಸಿದೆ ಕಣಮ್ಮ," ಎಂದ ಖೇತಿವೆಗೆ. "ಹಡಗಿಂದ ಅಂಗಳಕ್ಕೆ, ಎರಡೇ ನಿಮಿಷ. ಸೀಟಿನ ಮೇಲೆ ಪ್ಲಾಸ್ಟಿಕ್ಕು. ಎರಡನೇ ಗೇರು ದಾಟ್ಲೇ ಇಲ್ಲ. ಎಲ್ಲಾ ಕಂಡೋರ ಕಾರು!"

"ಈ ಕಾರು..."

"ನಂಗೇ. ನನ್ನ ಮಗ ತರಿಸ್ತಿರೋದು. ಆದ್ರೆ ನೋಡು, ಕಣ್ಣಿನ ಅಂಚು ಮಂಜಾಗ್ತಿದೆ. ಸೆಪ್ಟೆಂಬರ್ ಮೂವತ್ತಕ್ಕೆ ಲೈಸೆನ್ಸ್ ಮುಗಿಯುತ್ತೆ. ಅಲ್ಲೀವರೆಗೆ ಹಗಲಲ್ಲಿ ಓಡಿಸ್ಬಹುದಂತೆ. ಮುಂದಿನ ಪರೀಕ್ಷೆ ಪಾಸಾಗಲ್ಲ ಅಂತ ಕಣ್ಣಿನ ಡಾಕ್ಟರ್ ಹೇಳ್ಬಿಟ್ಟ. ಒಂದ್ಸಲ, ಒಂದೇ ಒಂದ್ಸಲ ಐದನೇ ಗೇರಿಗೆ ಹಾಕ್ಬೇಕು."

ಖೇತಿವೆ ನಾಲಿಗೆ ಕಚ್ಚಿಕೊಂಡಳು. ಶೋಕಿ ಅಂದಿದ್ದೆನಲ್ಲ! ಮೆಂಜಿಯತ್ತ ನೋಡಿದಳು. ಅವನು ಬೇರೆಲ್ಲೋ ನೋಡುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದ. ಆ ಗಳಿಗೆಯಲ್ಲೇ ಅವಳ ಮನಸ್ಸು ಜಾರಿತು.

ಅವಳ ಅಜ್ಜಿ ಬದುಕಿರುವತನಕ 'ನೀರು' ಎಂಬ ಪದ ಆಡಿದವಳಲ್ಲ. ಅಜ್ಜಿಯ ಮಾವನ ಹೆಸರಿನಲ್ಲಿ ಆ ಪದ ಸೇರಿತ್ತು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. 'ಕುಡಿಯೋದು ಕೊಡೇ' ಎನ್ನುತ್ತಿದ್ದಳು. ಖೇತಿವೆ ಅದನ್ನು ಆಡಿಕೊಂಡು ನಕ್ಕವಳೇ. ಆದರೆ ಅವತ್ತು ಫೋನಿನಲ್ಲಿ ಇನ್ನೊಬ್ಬ ಗಿರಾಕಿ ಕೂಗಾಡಿದಾಗ ಅವಳ ಬಾಯಿಂದ 'ಲಿಂಡಾನಿ' ಹೊರಡಲಿಲ್ಲ.

"ಸ್ವಲ್ಪ... ಸ್ವಲ್ಪ ತಾಳಿ ಸಾರ್," ಎಂದಳು.

ಮಾಶೇಜಿ ಚಹಾ ಬಸಿಯುತ್ತಿದ್ದವಳು ತಟ್ಟನೆ ತಿರುಗಿ ನೋಡಿದಳು.

ಸೆಪ್ಟೆಂಬರ್ ಇಪ್ಪತ್ತೆಂಟು. ಹಸಿರು ಚುಕ್ಕಿ ಬಂದರಿನ ಹತ್ತಿರ ಬಂದು ಮಾಯವಾಗಿ ಬಹಳ ದಿನವಾಗಿತ್ತು. "ಬಂದರಿನಲ್ಲಿ ತಡವಾಗ್ತಿದೆ, ಹಾಗೇ ಹೇಳು," ಎಂದಿದ್ದ ಮ್ಯಾನೇಜರ್ ಡೆಸ್ಮಂಡ್. ಅವಳು ನಂಬಿ ಹಾಗೇ ಹೇಳಿದ್ದಳು.

ಅಂದು ಬೆಳಿಗ್ಗೆ ಕಡತ ಹುಡುಕುವಾಗ ಒಂದು ಹಾಳೆ ಸಿಕ್ಕಿತು. ಹಳದಿ ಕಾರು ಹಡಗಿನಿಂದ ಇಳಿದು ಹನ್ನೊಂದು ದಿನವಾಗಿತ್ತು! ಹಿಂದಿನ ಕೋಣೆಗೆ ಓಡಿದಳು. ಹೊದಿಕೆ ಹೊದ್ದ ಕಾರೊಂದರ ಪಕ್ಕ ಡೆಸ್ಮಂಡ್ ಒಬ್ಬ ದೊಡ್ಡ ಬಿಲ್ಡರ್ ಜೊತೆ ಹಲ್ಲು ಕಿರಿಯುತ್ತ ನಿಂತಿದ್ದ.

"ಇದು ಗುಮೆಡೆಯವರ ಕಾರು!"

"ಶ್! ಅವರಿಗೆ ಇನ್ನೊಂದು ಬರುತ್ತೆ, ಜನವರಿಯಲ್ಲಿ," ಡೆಸ್ಮಂಡ್ ಪಕ್ಕಕ್ಕೆಳೆದು ಪಿಸುಗುಟ್ಟಿದ. "ಕಾಯಿರಿ ಅಂತ ಹೇಳು. ನಿನ್ನ ಕೆಲಸ ಅದೇ ತಾನೇ?"

ಜನವರಿ! ಆಗ ಆ ಮುದುಕನ ಲೈಸೆನ್ಸ್ ಎಲ್ಲಿರುತ್ತೆ? ಅವಳ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಬಾಗಿಲು ಧಡ್ ಎಂದಿತು.

"ಹನ್ನೊಂದು ದಿನ!" ಮೆಂಜಿ ನುಗ್ಗಿ ಬಂದ. ಹಿಂದೆ ಅವನಪ್ಪ. "ಬಂದರಿನಲ್ಲಿ ಅಪ್ಪನ ಹಳೇ ಗೆಳೆಯರು ಈಗ ಹೇಳಿದ್ರು. ಹನ್ನೊಂದು ದಿನ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ಯಲ್ಲ! ನಿನ್ನನ್ನ ನಂಬಿದ್ನಲ್ಲ... ಸುಳ್ಳಿ!"

ಎಲ್ಲರೆದುರು! ಖೇತಿವೆಯ ಕಣ್ಣು ತುಂಬಿತು. 'ನನಗೂ ಗೊತ್ತಿರಲಿಲ್ಲ' ಅಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಸ್ವಾಭಿಮಾನ ಬಿಡಲಿಲ್ಲ. ನೇರ ಬಿಲ್ಡರ್ ಮುಂದೆ ಹೋಗಿ ನಿಂತಳು.

"ಸಾರ್, ಈ ಕಾರು ನಿಮ್ದಲ್ಲ. ಬಾಗಿಲು ತೆಗೆದ್ರೆ ಕೆಳಗೆ ಲೋಹದ ಪಟ್ಟಿ ಇದೆ. ಅದರ ಮೇಲೆ ಒಡೆಯರ ಹೆಸರು ಕಾರ್ಖಾನೆಯಲ್ಲೇ ಕೆತ್ತಿಸಿದ್ದು. ಆ ಆರ್ಡರ್ ಬರೆದವಳು ನಾನೇ!"

"ಇವಳಿಗೆ ತಲೆ ಕೆಟ್ಟಿದೆ," ಡೆಸ್ಮಂಡ್ ನಕ್ಕ. "ನೀನೇ ಬರೆದಿದ್ರೆ ಹೇಳು ನೋಡೋಣ, ಯಾವ ಹೆಸರು?"

ಖೇತಿವೆ ಬಾಯಿ ತೆರೆದಳು.

ಹೆಸರು ನಾಲಿಗೆಯ ತುದಿಯಲ್ಲಿತ್ತು... ಅಲ್ಲೇ ನಿಂತಿತು.

"ಹೇಳು!"

ಮೂರೇ ಅಕ್ಷರ! ಒಂದು ಕಾಲಕ್ಕೆ ದಿನಕ್ಕೆ ನೂರು ಸಲ ಆಡಿದ್ದು! ಆದರೆ ಆ ಹೆಸರಿನವರು ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಆಗಲಿಲ್ಲ.

"ನೋಡಿದ್ರಾ? ಗೊತ್ತೇ ಇಲ್ಲ!" ಡೆಸ್ಮಂಡ್ ಕೈ ತಟ್ಟಿದ. ಮೆಂಜಿ ಅರ್ಥವಾಗದೆ ಅವಳನ್ನೇ ನೋಡುತ್ತಿದ್ದ.

ಅವಳು ಮೇಜಿನ ಮೇಲಿನ ಪೆನ್ನು ಕಿತ್ತುಕೊಂಡು, ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಬಿಲ್ಡರ್ ಕೈಗೆ ತುರುಕಿದಳು. ಹೊದಿಕೆ ಹಿಡಿದು ಸರ್ರನೆ ಎಳೆದಳು. ಹಳದಿ ಬಣ್ಣ ಫಳ್ಳನೆ ಹೊಳೆಯಿತು. ಬಿಲ್ಡರ್ ಬಾಗಿಲು ತೆಗೆದು ಬಗ್ಗಿದ.

"ಲಿಂಡಾನಿ..." ಎಂದು ಓದಿದ. ಡೆಸ್ಮಂಡ್ ಕಡೆ ತಿರುಗಿದ. "ಇನ್ನೊಬ್ಬರ ಹೆಸರು ಕೆತ್ತಿರೋ ಕಾರನ್ನ ನಂಗೆ ಕಟ್ಟೋಕೆ ನೋಡಿದ್ಯಾ? ಮೇಲಿನವರ ಹತ್ರ ಮಾತಾಡ್ತೀನಿ, ಇರು!"

ಡೆಸ್ಮಂಡ್ ಮುಖ ಕಪ್ಪಿಟ್ಟಿತು.

"ಗೊತ್ತಿತ್ತಲ್ಲ ನಿಂಗೆ!" ಮೆಂಜಿ ಅವಳ ಹತ್ತಿರ ಬಂದ. "ಮತ್ತೆ ಬಾಯಲ್ಲಿ ಯಾಕೆ ಹೇಳ್ಲಿಲ್ಲ?"

ಅವಳು ನೆಲ ನೋಡಿದಳು. ಉತ್ತರ ಬಾಗಿಲಿನಿಂದ ಬಂತು.

"ಹೆಂಗೆ ಹೇಳ್ತಾಳೋ ದಡ್ಡ?" ಮುದುಕನ ದನಿ ಒಡೆದಿತ್ತು. "ನಿಮ್ಮಮ್ಮ ಮದುವೆಯಾದ ಮೇಲೆ ನಿಮ್ಮಜ್ಜನ ಹೆಸರು ಆಡಿದ್ದು ಕೇಳಿದ್ಯಾ ನೀನು?"

ಗಲಾಟೆ ಕೇಳಿ ಬಂದಿದ್ದ ಮಾಶೇಜಿ ಚಹಾ ತಟ್ಟೆ ಕೆಳಗಿಟ್ಟು, ನಾಲಿಗೆ ಆಡಿಸಿ ಸಂಭ್ರಮದ ಕೂಗು ಹಾಕಿದಳು: "ಕಿಕಿಕಿಕಿಕಿ! ನಂಗೆ ಯಾವತ್ತೋ ಗೊತ್ತಿತ್ತು! ಒಂದು ತಿಂಗಳಿಂದ 'ತಾಳಿ, ತಾಳಿ' ಅಂತಿದ್ದಾಳೆ ಹುಡುಗಿ!"

ಖೇತಿವೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ!

"ಖೇತಿವೆ..." ಮೆಂಜಿಯ ಸ್ವರ ನಡುಗಿತು. "ನಿಜಾನಾ?"

"ಸುಳ್ಳಿ ಅಂದ್ರಲ್ಲ! ಸುಳ್ಳಿ ಬಾಯಲ್ಲಿ ನಿಜ ಯಾಕೆ ಕೇಳ್ತೀರಾ?" ಅವಳು ಅಳುತ್ತಲೇ ಸಿಡಿದಳು. "ನಂಗೂ ಇವತ್ತೇ ಗೊತ್ತಾಗಿದ್ದು. ಒಂದು ಮಾತು ಕೇಳ್ಬಾರದಿತ್ತಾ? ಗುರುವಾರ ಗುರುವಾರ ಬಂದು ಏನು ನೋಡಿದ್ರಿ ನೀವು?"

"ಚುಕ್ಕಿ ನೋಡ್ತೀನಿ ಅಂತ ನೆಪ. ನಿನ್ನನ್ನೇ ನೋಡ್ತಿದ್ದೆ." ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಹಡಗು ಮುಳುಗಿದ್ರೂ ನಾನು ಗುರುವಾರ ಬರ್ತಿದ್ದೆ ಖೇತಿವೆ..."

ಅವಳ ಸಿಟ್ಟು ಇನ್ನೂ ಇತ್ತು. ಆದರೆ ಕಣ್ಣೀರಿನ ನಡುವೆ ತುಟಿ ಮಾತು ಕೇಳಲಿಲ್ಲ, ನಕ್ಕೇಬಿಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಕಾಗದಪತ್ರವೆಲ್ಲ ಮುಗಿದು ಕಾರು ಅಂಗಳಕ್ಕೆ ಬಂತು. ಮುದುಕ ಸೀಟಿನ ಪ್ಲಾಸ್ಟಿಕ್ಕನ್ನು ತಾನೇ ಕಿತ್ತು, ಉಂಡೆ ಮಾಡಿ ಮಗನ ಕೈಗಿಟ್ಟ. ಕೂತ. ಇನ್ನೊಂದು ಬಾಗಿಲು ತೆಗೆದು ಕರೆದ.

"ಬಾ ಮಗಳೇ. ಸಮುದ್ರದ ರಸ್ತೇಲಿ ಐದನೇ ಗೇರು."

"ಬಾಬಾ! ನಾನು?" ಎಂದ ಮೆಂಜಿ.

"ಎರಡೇ ಸೀಟು ಕಣೋ. ಆರ್ಡರ್ ಕೊಟ್ಟೋನು ನೀನೇ ತಾನೇ?"

ಖೇತಿವೆ ಕೂತು ಕಿಟಕಿ ಇಳಿಸಿದಳು. ಅವನು ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ.

"ಈ ಭಾನುವಾರ ಬೆಳಗಿನ ಜಾವ ನಮ್ಮ ಹಿರಿಯರು ಹೆಣ್ಣು ಕೇಳೋಕೆ ಬಂದು ನಿಮ್ಮನೆ ಗೇಟಿನ ಹೊರಗೆ ನಿಂತು ಗುಮೆಡೆ ಕುಲದ ಹೆಸರು ಕೂಗ್ತಾರೆ. ಗೇಟು ತೆಗೀತೀರಾ?"

"ಹನ್ನೊಂದು ದಿನ ಹೊರಗೇ ನಿಲ್ಲಿಸಿ ಅಂತ ನಮ್ಮಪ್ಪಂಗೆ ಹೇಳ್ತೀನಿ."

"ನಿಲ್ತಾರೆ. ನಾನೂ ನಿಲ್ತೀನಿ." ಅವನು ಕಿಟಕಿಯ ಮೇಲಿದ್ದ ಅವಳ ಬೆರಳು ಹಿಡಿದ. "ಈಗ ನೀವಿಬ್ಬರೂ ಬರೋತನಕ ನಾನಿಲ್ಲಿ ಏನ್ ಮಾಡ್ಲಿ? ಅದನ್ನಾದ್ರೂ ಹೇಳು."

ಅವಳು ಪಕ್ಕದಲ್ಲಿ ಕೂತ ಮಾವನ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಂಜಿಯ ಕಡೆ ತಿರುಗಿ, ಮೆಲ್ಲಗೆ ಹೇಳಿದಳು.

"ತಾಳಿ."