ಕೆಮ್ಮಣ್ಣಿನ ಕೆಳಗೆ

"ಮಣ್ಣು ತೊಳೀಬ್ಯಾಡಿ!"

ರಘು ಅವಳ ಮಣಿಕಟ್ಟನ್ನು ಹಿಡಿದೇಬಿಟ್ಟ. ಅವನ ಕೈ ಜ್ವರಕ್ಕೆ ಸುಡುತ್ತಿತ್ತು. ಹುಲ್ಲಹಳ್ಳಿ ಆಸ್ಪತ್ರೆಯ ನರ್ಸ್ ಇಂದ್ರಾಣಿಗೆ ಮೊದಲು ಬಂದದ್ದು ಕೋಪ. ಆಮೇಲೆ ಆ ಹೆದರಿದ ಕಣ್ಣು ಕಂಡು ಕನಿಕರ...

ಹೆಡತಲೆಯ ರಘು ಕಬ್ಬು ಕಡಿಯುವಾಗ ಕಾಲಿಗೆ ಮಚ್ಚು ತಾಕಿಸಿಕೊಂಡು ಮೂರು ದಿನವಾಗಿತ್ತು. ಕಾಲು ಕೆಂಪಗೆ ಊದಿದ್ದೇ ತಡ, ತಾಯಿ ರಾಚಮ್ಮ ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿಸಿದ್ದಳು. ಮಣ್ಣು ತೊಳೆದು ಸೂಜಿ ಚುಚ್ಚಿದರೆ ಕಾಲು ಸುತ್ತಿದ ಹಾವಿನ ತಲೆ–ಬಾಲ ಕೂಡಿ ಜೀವ ಹೋಗುತ್ತದೆ ಎಂದು ಅವಳ ನಂಬಿಕೆ.

ಇಂದ್ರಾಣಿ ಕೈ ಬಿಡಿಸಿಕೊಂಡು ಮಣ್ಣು ತೊಳೆದಳು. ಕೆಳಗೆ ಚರ್ಮ ಕಪ್ಪಾಗಿತ್ತು!

ಮಾಂಸವನ್ನೇ ತಿನ್ನುವ ಬ್ಯಾಕ್ಟೀರಿಯಾ, ಗಂಟೆಗಂಟೆಗೂ ಮೇಲೇರುತ್ತದೆ ಎಂದರು ಡಾಕ್ಟರು. ಇಂದ್ರಾಣಿಯೇ ಆಂಬುಲೆನ್ಸಿನಲ್ಲಿ ಜೊತೆಗೆ ಕೂತು ತಾಯಿ–ಮಗನನ್ನು ಮೈಸೂರಿಗೆ ಕರೆದೊಯ್ದಳು. ಅಷ್ಟರಲ್ಲಿ ರಘುವಿಗೆ ಪ್ರಜ್ಞೆ ತಪ್ಪಿತ್ತು. ಮೊಣಕಾಲಿನ ಕೆಳಗೆ ತೆಗೆಯಲೇಬೇಕು, ಮನೆಯವರ ಸಹಿ ಬೇಕು ಎಂದರು ಅಲ್ಲಿನ ಡಾಕ್ಟರು. ರಾಚಮ್ಮ ಹೆಬ್ಬೆಟ್ಟು ಒತ್ತದೆ ಗೋಡೆಗೆ ಮುಖ ಮಾಡಿ ಕೂತಳು.

ಇಂದ್ರಾಣಿ ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ಎಳೆದುಕೊಂಡಳು. ಸಂಬಂಧ ಎಂಬಲ್ಲಿ 'ಹೆಂಡತಿ' ಎಂದು ಬರೆದು ಸಹಿ ಹಾಕಿದಳು.

ಜೀವ ಉಳಿಯಿತು. ಸುಳ್ಳು ಹೊರಬಿತ್ತು. ಆರೋಗ್ಯ ಇಲಾಖೆಯ ಸಾಹೇಬರು ತಪ್ಪೊಪ್ಪಿಗೆ ಬರೆದುಕೊಡಲು ಹೇಳಿದರು.

"ಸುಳ್ಳು ಬರೆದದ್ದು ನಿಜ ಸರ್. ನಾಳೆ ಅಂಥದ್ದೇ ಕಾಲು ಬಂದ್ರೂ ಬರೀತೀನಿ."

ಅವಳನ್ನು ಕವಲಂದೆಗೆ ಎತ್ತಂಗಡಿ ಮಾಡಿದರು. ಊರವರ ಕೊಂಕು ಮಾತಿಗೂ ಅವಳು ತಲೆ ತಗ್ಗಿಸಲಿಲ್ಲ. ಆದರೆ ರಘು? ಎತ್ತಂಗಡಿಗೆ ಮೊದಲು ಹುಲ್ಲಹಳ್ಳಿಯಲ್ಲಿ ಅವಳು ಡ್ರೆಸಿಂಗ್ ಮಾಡಿದ ಎರಡು ತಿಂಗಳೂ ಅವನು ಮುಖ ತಿರುಗಿಸಿಯೇ ಇದ್ದ. ನರ್ಸಮ್ಮ ಹೆತ್ತ ತನ್ನನ್ನೂ ಕೇಳದೆ ಕಾಲು ತೆಗೆಸಿದಳು ಎಂದು ರಾಚಮ್ಮ ಅವನಿಗೆ ಹೇಳಿದ್ದಳು. ಅವನ ಮೌನ ಇಷ್ಟು ನೋಯಿಸುವುದೇಕೆ ಎಂದು ಇಂದ್ರಾಣಿಗೆ ಗೊತ್ತಿತ್ತು. ಅವಳು ಅವನನ್ನು ಪ್ರೀತಿಸಿಬಿಟ್ಟಿದ್ದಳು!

ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ, ಕವಲಂದೆ ಆಸ್ಪತ್ರೆಯ ಬಾಗಿಲಲ್ಲಿ ರಘು ನಿಂತಿದ್ದ. ಕೃತಕ ಕಾಲು ಹಾಕಿಕೊಂಡು, ಬೆವರುತ್ತಾ.

"ಅವ್ವ ಎಲ್ಲಾನೂ ಯೋಳುದ್ಲು," ಎಂದ. "ತಾನೇ ಎಬ್ಬೆಟ್ಟು ಒತ್ನಿಲ್ಲ ಅಂತ. ನಾನು ಬದುಕಿರಾದು ನಿಮ್ಮಿಂದ. ಅವತ್ತು ನನ್ನ ಕೇಳ್ದೆ ಎಂಡ್ತಿ ಅಂತ ಬರ್ದ್ರಿ. ಈಗ ನಾನು ಕೇಳ್ತಾವ್ನಿ... ಬತ್ತೀರಾ?"

ಇಂದ್ರಾಣಿ ಅವನತ್ತ ಕುರ್ಚಿ ಸರಿಸಿದಳು. "ಜೀವ ಉಳಿಸಿದ ಋಣಕ್ಕಾದ್ರೆ ಬೇಡ ಕಣ್ರೀ."

"ಋಣಕ್ಕಲ್ಲ. ಮುಖ ತಿರುಗಿಸ್ಕಂಡಿದ್ರೂವೆ ದಿನಾ ನಿಮ್ಮ ದಾರೀನೇ ಕಾಯ್ತಿದ್ದೆ."

"ನಿಮ್ಮವ್ವ ಒಪ್ಪಬೇಕಲ್ಲ?"

"ಆಚೆ ಆಟೋದಲ್ಲಿ ಕುಂತವ್ಳೆ. ನಿಮಗೆ ಮುಖ ತೋರ್ಸಕ್ಕೆ ನಾಚ್ಕೆಯಂತೆ."

ಇಂದ್ರಾಣಿ ಕಣ್ಣೊರೆಸಿಕೊಂಡಳು.

"ನಡೀರಿ," ಎಂದಳು, "ಅತ್ತೇನ ಒಳಗೆ ಕರ್ಕೊಂಡು ಬರೋಣ."