ಏಳನೆಯ ಗುಂಡಿಯ ಆಳ

ನನಗೆ ಮರೆವು ಅಂದವರು ಯಾರ್ರಯ್ಯಾ? ಬೆಳಿಗ್ಗೆ ತಿಂದದ್ದು ಮರೆತಿರಬಹುದು, ಈ ಕೇಸಿನ ಒಂದಂಗುಲವನ್ನೂ ಮರೆತಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ.

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕಟ್ಟಡ ಪರವಾನಗಿ ಕಚೇರಿಯ ಎಂಜಿನಿಯರು ಠಾಣೆಗೆ ನುಗ್ಗಿದರು. ತಮ್ಮ ಸಹಿ, ಮೊಹರು ನಕಲು ಮಾಡಿ ಯಾರೋ ಕೊಟ್ಟಿಗೆಯೊಂದಕ್ಕೆ ಪರವಾನಗಿ ಸೃಷ್ಟಿಸಿದ್ದಾರೆಂದು ದೂರು. ಹನ್ನೆರಡು ಕಂಬ ನೆಲದಲ್ಲಿ ಹೂತು, ಮೇಲೆ ತಗಡು ಹೊದಿಸುವ ಕೊಟ್ಟಿಗೆ ಅದು. ಈ ಎಂಜಿನಿಯರೇ ಬಂದು ಗುಂಡಿಗಳ ಆಳ ನೋಡಿ ಪರವಾನಗಿಯಲ್ಲಿ ಬರೆದ ಮೇಲೆಯೇ ಕಂಬ ನಿಲ್ಲಿಸಬೇಕು.

ಎಫ್‌ಐಆರ್ ಆಯಿತು. ಕೂತಲ್ಲಿ ಕೂರಲಾರದ ಇನ್‌ಸ್ಪೆಕ್ಟರು ಕಿಟಕಿಗೂ ಬಾಗಿಲಿಗೂ ಅಡ್ಡಾಡುತ್ತ ಕೇಳಿದರು.

“ನಕಲಿ ಅಂತ ಹೇಗೆ ಗೊತ್ತಾಯ್ತು?”

“ನಾನು ಯಾವತ್ತೂ ನಾಲ್ಕಡಿ ಅಂತ ಬರೀತೀನಿ. ಇಲ್ಲಿ ನೋಡಿ, ಗುಂಡಿಗೊಂದು ಅಳತೆ! ಏಳನೇದು ಮೂರೂಮುಕ್ಕಾಲು, ಕೆಳಗೆ ಬಂಡೆ ಅಂತೆ!”

“ಎಲ್ಲಾ ಗುಂಡೀನೂ ನಾಲ್ಕೇ ಅಡಿ ಇರ್ತವಾ?”

ಎಂಜಿನಿಯರಿಗೆ ಕೆಮ್ಮು ಬಂತು.

ಹನ್ನೊಂದು ಮುಕ್ಕಾಲಿಗೆ ಸ್ಥಳ ತಲುಪಿದರು. ಕೊಟ್ಟಿಗೆಯ ಒಡತಿ, ಹಸು ಸಾಕುವ ಹೆಂಗಸು, ಸೆರಗು ಹಿಂಡುತ್ತ, “ಕಾಗದ ಬಾಗಿಲಡಿ ಬಿದ್ದಿತ್ತು ಸಾರ್. ಕಚೇರಿಯವರೇ ಕಳಿಸಿದ್ರು ಅಂದ್ಕೊಂಡೆ” ಎಂದಳು.

ಕಾನ್‌ಸ್ಟೇಬಲ್ ಏಳನೆಯ ಕಂಬದ ಬುಡ ಅಗೆದ. ಸರಿಯಾಗಿ ಮೂರೂಮುಕ್ಕಾಲು ಅಡಿಗೆ ಹಾರೆ ಠಣ್ಣೆಂದಿತು. ಒಂದು ಹತ್ತಕ್ಕೆ ಪಂಚನಾಮೆ ಮುಗಿಯಿತು. ಇನ್‌ಸ್ಪೆಕ್ಟರಿಗೆ ಮಾತ್ರ ಸಮಾಧಾನವಿಲ್ಲ. ನಕಲಿ ಕಾಗದದಲ್ಲಿ ನಿಜ ಬರೆಯುವವನೆಂಥವನು?

“ಗುಂಡಿ ತೋಡಿದ್ಯಾರಮ್ಮ?”

ಅವಳ ಕಣ್ಣು ಮಾಡಿನತ್ತ ಹೋಯಿತು. ಅಲ್ಲಿ ಅವಳ ದೊಡ್ಡಪ್ಪ, ಬಡಗಿ, ತಗಡಿಗೆ ಮೊಳೆ ಹೊಡೆಯುತ್ತಿದ್ದ. ಕರೆಯುವ ಮೊದಲೇ ಇಳಿದು ಬಂದ. ಉಳಿಗಳ ಚೀಲದಲ್ಲಿ ಮರದಲ್ಲಿ ಕೆತ್ತಿದ ಮೊಹರು ಸಿಕ್ಕಿತು.

“ಸುಮ್ನೆ ನಾಲ್ಕು ಅಂತ ಬರೆಯೋಕೆ ಏನಾಗಿತ್ತು ನಿಮ್ಗೆ?”

“ಸಹಿ ಸುಳ್ಳು ಹಾಕಿದೀನಿ, ಒಪ್ಕೋತೀನಿ. ಅಳತೇನೂ ಸುಳ್ಳು ಹೇಳ್ಲಾ ಸಾರ್?”

ಹದಿನಾಲ್ಕು ತಿಂಗಳಲ್ಲಿ ಅರ್ಜಿ ಆರು ಸಲ ವಾಪಸಾಗಿತ್ತು, ಒಮ್ಮೆ ನಕ್ಷೆಯ ಅಂಚು ಸಣ್ಣದಾಯಿತೆಂದು. ಅಷ್ಟರಲ್ಲಿ ಬಡಗಿಗೆ ಕಣ್ಣಿನ ಡಾಕ್ಟರು ಹೇಳಿದ್ದರು: ವರ್ಷದ ಕೊನೆಯವರೆಗೆ ಕಂಡರೆ ಹೆಚ್ಚು. ಕಂಬ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡಿನ ದಾರ ಕಣ್ಣಿಗೆ ಕಾಣುವಾಗಲೇ ಕೊನೆಯದೊಂದು ಕೊಟ್ಟಿಗೆ ಎತ್ತಬೇಕೆಂಬ ಆಸೆ ಅವನದು.

ಮೂರೂವರೆಗೆ ಬಂಧನ. ಜೀಪು ಹತ್ತುವಾಗ ಅವನು ತಿರುಗಿ ನಿಂತ. “ಆರನೇ ಕಂಬ ಕೂದಲೆಳೆಯಷ್ಟು ವಾಲಿದೆ ಸಾರ್. ಇನ್ಮೇಲೆ ಕೆಲಸಕ್ಕೆ ಬರೋ ಹೊಸಬರಿಗೆ ಹೇಳಿ.”

ಇನ್‌ಸ್ಪೆಕ್ಟರು ಹೋಗಿ ದಾರ ಹಿಡಿದು ನೋಡಿದರು. ಕಂಬ ನೆಟ್ಟಗಿತ್ತು.

“ಹೇಳ್ತೀನಿ, ಹತ್ತಿ” ಎಂದರು.

ನಾಲ್ಕು ಜನಕ್ಕೆ ಇದನ್ನು ಕಳಿಸ್ರಪ್ಪಾ. ಆದರೆ ಏಳನೇ ಗುಂಡಿ ನಾಲ್ಕಡಿ ಅಂತ ಹೇಳಬೇಡಿ. ಮೂರೂಮುಕ್ಕಾಲು.